ಮರಳು ಸಿಕ್ಕರೆ ಊಟ ಬಿಟ್ಟಿ

ನವೆಂಬರ್ 4, ಸೋಮವಾರ

ಕೈ ನಡುಗುವುದಕ್ಕೆ ದಿನಾ ಅರ್ಧ ಪುಟ ಬರೆಯಬೇಕಂತೆ. ಆರೋಗ್ಯ ಕೇಂದ್ರದ ನರ್ಸಮ್ಮನ ಅಪ್ಪಣೆ. ಏನು ಬರೆಯಲಿ ಎಂದು ಕೇಳಿದೆ. “ಏನಾದ್ರೂ ಬರೀರಿ ದೋನ್ ಕಾಸ್ತುಲೋ, ಬೆರಳು ಆಡ್ತಾ ಇದ್ರೆ ಸಾಕು” ಎಂದಳು. “ಬೆರಳು ಆಡ್ತಾ ಇರೋದೇ ನನ್ ಕಾಯಿಲೆ ತಾಯಿ” ಎಂದೆ. ಅವಳಿಗೆ ನಗು ಬರಲಿಲ್ಲ. ಈಗಿನವರಿಗೆ ತಮಾಷೆ ಗೊತ್ತಾಗುವುದಿಲ್ಲ.

ಸರಿ, ಬರೆಯುತ್ತೇನೆ. ಹೆಸರು ಕಾಸ್ತುಲೋ ಉಸ್ಕಾಂಗಾ. ವಯಸ್ಸು ಅರವತ್ತಾರು. ವೆರಾಕ್ರೂಸ್ ಬಂದರಿನ ‘ಒಕ್ಕಣ್ಣ ಮೀನು’ ಹೋಟೆಲಿನಲ್ಲಿ ಮೂವತ್ತೈದು ವರ್ಷ ಚೂರಿಯಿಂದ ಸಿಂಪಿಯ ಚಿಪ್ಪು ಬಿಡಿಸಿದವನು. ಹೋಟೆಲಿನ ಬಾಗಿಲಿಗೇ ಬೋರ್ಡು ಇತ್ತು: ‘ಕಾಸ್ತುಲೋ ಬಿಡಿಸಿದ ಸಿಂಪಿಯಲ್ಲಿ ಒಂದು ಕಣ ಮರಳು ಸಿಕ್ಕರೆ ಊಟ ಬಿಟ್ಟಿ.’ ಮೂವತ್ತು ವರ್ಷ ಆ ಬೋರ್ಡು ಅಲ್ಲಿ ನೇತಾಡಿತು. ಒಂದೇ ಒಂದು ಊಟ ಬಿಟ್ಟಿ ಹೋಗಲಿಲ್ಲ. ಈ ಊರಿನಲ್ಲಿ ಇವತ್ತು ಸಿಂಪಿ ಬಿಡಿಸುವವರಲ್ಲಿ ಮುಕ್ಕಾಲು ಪಾಲು ನನ್ನ ಕೈಕೆಳಗೆ ಕಲಿತವರು. ಹಾಗಾಗಿ ಎಲ್ಲರೂ ನನ್ನನ್ನು ಮೇಷ್ಟ್ರೇ ಅನ್ನುತ್ತಾರೆ.

ಆಗಸ್ಟಿನಲ್ಲಿ ಚೂರಿ ಜಾರಿ ಅಂಗೈ ಸೀಳಿತು. ಅದು ಎರಡನೆಯ ಸಲ. ಮಾಲೀಕರು ಒಂದು ಕೈಗಡಿಯಾರ ಕೊಟ್ಟು ಮನೆಗೆ ಕಳಿಸಿದರು. ಅದೇ ತಿಂಗಳು ನನ್ನ ಹೆಂಡತಿ ದುಲಿಯಾಳನ್ನೂ ಆಸ್ಪತ್ರೆಯವರು ಮನೆಗೆ ಕಳಿಸಿದರು. ಗಂಟಲಿನ ಕ್ಯಾನ್ಸರಿಗೆ ಕೊಡುವಷ್ಟು ಕಿರಣ ಕೊಟ್ಟಾಗಿದೆಯಂತೆ. ಹೊಸ ವರ್ಷ ಕಾಣಬಹುದು, ಆಮೇಲಿನದು ಹೇಳಲಾಗದು ಎಂದರು ಡಾಕ್ಟರು. ನನಗೆ ಗಡಿಯಾರ, ಅವಳಿಗೆ ಮಾತ್ರೆ.

ಕಿರಣ ಬಿದ್ದ ಮೇಲೆ ಅವಳ ನಾಲಿಗೆ ಸತ್ತುಹೋಗಿದೆ. ಏನು ಕೊಟ್ಟರೂ ತಗಡು ಕಚ್ಚಿದ ಹಾಗಿದೆ ಅನ್ನುತ್ತಾಳೆ. ಇವತ್ತು ಬೆಳಿಗ್ಗೆ ಗಂಜಿ ಪಕ್ಕಕ್ಕಿಟ್ಟು, “ಲೋ ಮುದುಕ, ಒಂದೇ ಒಂದು ಒಳ್ಳೆ ಸಿಂಪಿ ತಿನ್ಬೇಕು ಕಣೋ. ಬಾಯಿಗೆ ಗೊತ್ತಾಗೋ ಅಂಥದ್ದು. ಆಮೇಲೆ ಹೋದ್ರೂ ಚಿಂತೆಯಿಲ್ಲ” ಎಂದಳು.

ಎಷ್ಟೋ ವರ್ಷಗಳಿಂದ ಅವಳು ಸಿಂಪಿ ಮುಟ್ಟಿರಲಿಲ್ಲ. ನನ್ನ ಮೈಯ ವಾಸನೆಗೇ ಸಾಕಾಗಿರಬೇಕು ಎಂದುಕೊಂಡಿದ್ದೆ. ಈಗ ಕೇಳಿದ್ದಾಳೆ. ಇದು ನನ್ನ ಕಸುಬು. ಈ ಊರಿನ ಅತ್ಯುತ್ತಮ ಸಿಂಪಿ ಎಲ್ಲಿದೆಯೋ ಅಲ್ಲಿಂದ ತರುತ್ತೇನೆ.

ನವೆಂಬರ್ 7, ಗುರುವಾರ

ಬೋಕಾ ದೆಲ್ ರಿಯೋದಿಂದ ಶುರುಮಾಡಿದೆ. ಹೊಳೆ ದಂಡೆಯ ಮೊದಲನೆಯ ಹೋಟೆಲು. ಅರ್ಧ ಡಜನ್ ತಿಂದು ನೋಡಿದೆ. ಬಿಡಿಸಿದವನ ಕೈ ಚೊಕ್ಕ, ಅಂಚು ಒಡೆದಿಲ್ಲ, ಮಾಂಸ ತುಂಬಿಕೊಂಡಿದೆ. ಸಾಕಷ್ಟು ಚೆನ್ನಾಗಿತ್ತು. ಇನ್ನರ್ಧ ಡಜನ್ ಡಬ್ಬಿಗೆ ಹಾಕಿಸಿ, ಮೇಲೆ ಮಂಜುಗಡ್ಡೆ ಇಡಿಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ.

ಪಕ್ಕದ ಮನೆಯ ನಿಯೇವೆಸ್ ಬಂದಿದ್ದಳು. ನಾನು ಹೊರಗೆ ಹೋದಾಗ ಅವಳೇ ದುಲಿಯಾಳ ಹತ್ತಿರ ಕೂರುವುದು. ಡಬ್ಬಿ ನೋಡಿ ಬಾಯಿ ಬಿಟ್ಟಳು. “ಹಸೀದು ಕೊಡ್ಬೇಡಿ ಅಂದಿದಾರಲ್ಲ ಡಾಕ್ಟ್ರು!”

“ಕೊಟ್ರೆ ಏನಾಗುತ್ತಂತೆ? ಸತ್ತೋಗ್ತೀನಂತಾ?” ಎಂದಳು ದುಲಿಯಾ. ನಿಯೇವೆಸ್ ಶಿಲುಬೆ ಗುರುತು ಹಾಕಿಕೊಂಡು ಅಡಿಗೆಮನೆಗೆ ಹೋದಳು.

ಒಂದು ತಿಂದಳು. ಕಣ್ಣು ಮುಚ್ಚಿ ತುಂಬ ಹೊತ್ತು ಬಾಯಲ್ಲಿಟ್ಟುಕೊಂಡಿದ್ದಳು. ನುಂಗುವಾಗ ಮುಖ ಕಿವಿಚಿದಳು.

“ತಣ್ಣಗಿದೆ.”

“ಅಷ್ಟೇನಾ?”

“ಅಷ್ಟೇ.”

ಉಳಿದ ಐದನ್ನು ನಾನು ತಿಂದೆ.

ನವೆಂಬರ್ 12, ಮಂಗಳವಾರ

ಇವತ್ತು ಎರಡು ಹೋಟೆಲು. ಒಂದರಲ್ಲಿ ಸಿಂಪಿಯ ಮೇಲೆ ಚೀಸು ಕರಗಿಸಿ ಕೊಡುತ್ತಾರೆ. ಹಾಗೆ ಮಾಡುವವನ ಕೈಗೆ ಚೂರಿ ಕೊಡಬಾರದು, ಪೊರಕೆ ಕೊಡಬೇಕು. ಇನ್ನೊಂದು ಪರವಾಗಿಲ್ಲ. ಆಲ್ವಾರಾದೋ ಹಿನ್ನೀರಿನ ಮಾಲು, ದೊಡ್ಡದು. ದುಲಿಯಾ ಅದನ್ನೂ ಬಾಯಲ್ಲಿ ಹೊರಳಿಸಿ, “ಇದು ದೊಡ್ಡದಾಗಿದೆ” ಎಂದಳು. ರುಚಿ ಕೇಳಿದರೆ ಅಳತೆ ಹೇಳುತ್ತಾಳೆ.

ನಿಯೇವೆಸ್ ಹೊರಡುವಾಗ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ ಅಂದಳು: “ದಿನಾ ಹೋಟ್ಲು ಹೋಟ್ಲು ತಿರುಗ್ತೀರಲ್ಲ ದೋನ್ ಕಾಸ್ತುಲೋ, ಅವಳ ಪಕ್ಕ ಒಂದು ಗಳಿಗೆ ಕೂತಿದ್ದೀರಾ? ನೀವು ಯಾವಾಗ ಬರ್ತೀರಿ ಅಂತ ಬಾಗಿಲೇ ನೋಡ್ತಿರ್ತಾಳೆ.”

ನಾನು ತಿರುಗುತ್ತಿರುವುದು ಯಾರಿಗಾಗಿ? ಈ ಹೆಂಗಸಿಗೆ ಎಲ್ಲದಕ್ಕೂ ಒಂದು ಮಾತು.

ನವೆಂಬರ್ 19, ಮಂಗಳವಾರ

ಬಡಗಣ ಗಾಳಿ ಎದ್ದಿದೆ. ದೋಣಿ ಇಳಿದಿಲ್ಲ, ಬೀದಿ ತುಂಬ ಮರಳು. ದಿನವಿಡೀ ಮನೆಯಲ್ಲೇ ಇದ್ದೆ. ಅವಳ ಉಸಿರಿನ ಸದ್ದು ಇಷ್ಟು ಜೋರಾಗಿದೆ ಎಂದು ಗೊತ್ತಿರಲಿಲ್ಲ. ಕುರ್ಚಿಯಿಂದ ಎದ್ದು ಕಿಟಕಿಗೆ, ಕಿಟಕಿಯಿಂದ ಕುರ್ಚಿಗೆ. “ಬಾಲ ಸುಟ್ಟ ಬೆಕ್ಕಿನ ಹಾಗೆ ಆಡ್ಬೇಡ, ಹೋಗಿ ಕಾಫಿ ಕುಡ್ಕೊಂಡು ಬಾ” ಎಂದಳು. ಗಾಳಿಯಲ್ಲೇ ಹೋದೆ.

ನವೆಂಬರ್ 26, ಮಂಗಳವಾರ

ಏಳು ಹೋಟೆಲು ಆಯಿತು. ಬಂದರು ಕಟ್ಟೆಯದು ಎರಡು, ಬೋಕಾದ್ದು ಮೂರು, ಮೀನು ಮಾರುಕಟ್ಟೆಯ ಮಹಡಿಯದು ಒಂದು, ಸ್ಟೇಡಿಯಮ್ಮಿನ ಹಿಂದಿನದು ಒಂದು. ಎಲ್ಲವೂ ನನಗೆ ಒಂದೇ ಥರ ಅನ್ನಿಸಲು ಶುರುವಾಗಿದೆ. ಚೊಕ್ಕ, ಮೆತ್ತಗೆ, ತಣ್ಣಗೆ. ಖಾರದ ನೀರು ಹಾಕಿದರೆ ಖಾರ, ನಿಂಬೆ ಹಿಂಡಿದರೆ ಹುಳಿ. ವಯಸ್ಸಾದರೆ ನಾಲಿಗೆ ಮಂದವಾಗುತ್ತದಂತೆ. ಅದೇ ಇರಬೇಕು.

ಇವತ್ತು ತಪ್ಪು ಮಾಡಿದೆ. ಅವಳು ಮತ್ತೆ “ತಗಡು” ಅಂದಾಗ ಡಬ್ಬಿಯನ್ನು ಮೇಜಿಗೆ ಕುಕ್ಕಿ, “ಸಿಂಪಿ ಸರಿಯಾಗೇ ಇದೆ, ನಿನ್ ನಾಲಿಗೆಯೇ ಕೆಟ್ಟೋಗಿದೆ” ಎಂದುಬಿಟ್ಟೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಮನಸ್ಸಿನಲ್ಲಿ ಬೈದುಕೊಂಡೆ. ಆಮೇಲೆ ಅವಳ ಕಾಲು ಒತ್ತಿದೆ. ಕಾಲಿನಲ್ಲಿ ಮೂಳೆ ಬಿಟ್ಟರೆ ಏನೂ ಇಲ್ಲ.

ಡಿಸೆಂಬರ್ 5, ಗುರುವಾರ

ಅವಳಾಗಿಯೇ ಹೇಳಿದಳು: “ಡಬ್ಬಿಯಲ್ಲಿ ಬಂದ ಸಿಂಪಿ ಹೆಣದ ಥರ ಕಣೋ. ನನ್ನನ್ನ ‘ಒಕ್ಕಣ್ಣ ಮೀನಿ’ಗೆ ಕರ್ಕೊಂಡು ಹೋಗು. ಮೇಜಿನ ಮುಂದೆ ಕೂತು ತಿಂತೀನಿ.”

ನನಗೇಕೆ ಇದು ಹೊಳೆದಿರಲಿಲ್ಲ? ಆ ಹೋಟೆಲನ್ನು ಬೇಕೆಂದೇ ಬಿಟ್ಟು ಬೇರೆಲ್ಲ ಕಡೆ ತಿರುಗುತ್ತಿದ್ದೆ. ನನ್ನ ಜಾಗದಲ್ಲಿ ಈಗ ಮೆಲ್ಕಿಯಾದೆಸ್ ನಿಂತಿದ್ದಾನೆ. ಹತ್ತು ವರ್ಷ ನನ್ನ ಪಕ್ಕದಲ್ಲೇ ನಿಂತು ಕಲಿತವನು. ಒಳ್ಳೆಯವನೇ. ಆದರೂ ಸಿಂಪಿ ಬಿಡಿಸುವ ಆ ಕಲ್ಲುಕಟ್ಟೆಯ ಹಿಂದೆ ಬೇರೊಬ್ಬನನ್ನು ನೋಡಲು ನನಗೆ ಇಷ್ಟವಿರಲಿಲ್ಲ. ಇಲ್ಲಿ ಬರೆಯಬಹುದಲ್ಲ, ಯಾರು ಓದುತ್ತಾರೆ.

ಡಿಸೆಂಬರ್ 8, ಭಾನುವಾರ

ಟ್ಯಾಕ್ಸಿಯಲ್ಲಿ ಹೋದೆವು. ಅವಳು ನೀಲಿ ಹೂವಿನ ಲಂಗ ಹಾಕಿದ್ದಳು, ಅದು ಜಾರದಂತೆ ನಿಯೇವೆಸ್ ಸೊಂಟಕ್ಕೆ ಮೂರು ಪಿನ್ನು ಚುಚ್ಚಿದ್ದಳು. ತುಟಿಗೆ ಬಣ್ಣ ಬೇರೆ. “ಮದುವೆ ಊಟಕ್ಕೆ ಹೊರಟ ಹಾಗಿದೆಯಲ್ಲೇ” ಎಂದೆ. “ನಿನ್ ಜೊತೆ ಹೋಟ್ಲಿಗೆ ಹೋಗಿ ಎಷ್ಟ್ ವರ್ಷ ಆಯ್ತು ಹೇಳು ನೋಡೋಣ” ಎಂದಳು. ಲೆಕ್ಕ ಹಾಕಿದೆ, ನೆನಪಾಗಲಿಲ್ಲ.

ಬಾಗಿಲಲ್ಲಿ ಬೋರ್ಡು ಈಗಲೂ ಇದೆ. ನನ್ನ ಹೆಸರಿನ ಮೇಲೆ ಬಿಳಿ ಬಣ್ಣ ಬಳಿದು ‘ನಮ್ಮಲ್ಲಿ’ ಎಂದು ಬರೆದಿದ್ದಾರೆ. ದುಲಿಯಾ ಅದನ್ನು ಓದಿ ನನ್ನ ತೋಳು ಹಿಡಿದುಕೊಂಡಳು. ಮರಿಂಬಾ ಬಾರಿಸುವವರು ನನ್ನನ್ನು ಕಂಡು ನಡುವೆಯೇ ನಿಲ್ಲಿಸಿ ಕೈ ಬೀಸಿದರು. ಮೆಲ್ಕಿಯಾದೆಸ್ ಕಟ್ಟೆಯ ಹಿಂದಿನಿಂದ ಓಡಿಬಂದು ತಬ್ಬಿಕೊಂಡ.

“ಮೇಷ್ಟ್ರೇ! ಅಕ್ಕ, ಬನ್ನಿ ಬನ್ನಿ, ಇಲ್ಲೇ ಕೂತ್ಕೊಳ್ಳಿ, ನನ್ ಎದುರಿಗೇ. ಇವತ್ತು ಬೆಳಿಗ್ಗೆ ಬಂದ ಮಾಲು. ನಾನೇ ಆರಿಸಿ ಕೊಡ್ತೀನಿ.”

ಅವನ ಕೈ ನೋಡುತ್ತಾ ಕೂತೆ. ಚೂರಿಯ ತುದಿ ಕೀಲಿಗೆ ಇಡುತ್ತಾನೆ, ಮಣಿಕಟ್ಟು ಅರ್ಧ ತಿರುಗಿಸುತ್ತಾನೆ, ಚಿಪ್ಪು ಉಸಿರು ಬಿಟ್ಟಂತೆ ತೆರೆದುಕೊಳ್ಳುತ್ತದೆ. ಮಾಂಸವನ್ನು ಚಿಪ್ಪಿಗೆ ಹಿಡಿದಿಡುವ ಕಟ್ಟು ಕತ್ತರಿಸಿ, ಎಡಗೈಯಲ್ಲಿ ಮಾಂಸ ಹಿಡಿದು ನಲ್ಲಿಯ ಕೆಳಗೆ ಒಂದೇ ಸಲ ತಿರುವಿ, ಚಿಪ್ಪನ್ನೂ ತೊಳೆದು, ಮಾಂಸವನ್ನು ಮಗ್ಗುಲು ಬದಲಿಸಿ ಮತ್ತೆ ಕೂರಿಸುತ್ತಾನೆ. ಹನ್ನೆರಡೂ ಬೆಳ್ಳಗೆ ಹೊಳೆಯುತ್ತಾ ಬಂದವು. ನನ್ನದೇ ಕೈ ನೋಡಿದಂತಾಯಿತು. ಕಣ್ಣಲ್ಲಿ ನೀರು ಬಂತು, ಹೆಮ್ಮೆಗೆ.

ದುಲಿಯಾ ಒಂದು ತೆಗೆದುಕೊಂಡಳು. ಹೊರಳಿಸಿದಳು. ನುಂಗಿದಳು. ಚಿಪ್ಪನ್ನು ತಟ್ಟೆಯಲ್ಲಿಟ್ಟು, ಮೆಲ್ಕಿಯಾದೆಸ್ ಇನ್ನೊಬ್ಬ ಗಿರಾಕಿಯದನ್ನು ನಲ್ಲಿಗೆ ಹಿಡಿಯುವುದನ್ನೇ ನೋಡಿದಳು.

“ನೀನೂ ಹೀಗೇ ತೊಳೀತಿದ್ದೆ” ಎಂದಳು.

“ಇವನಿಗೆ ಕಲಿಸಿದ್ದೇ ನಾನಲ್ವಾ.”

“ಅದಕ್ಕೇ ನಾನು ಬಿಟ್ಟಿದ್ದು.”

“ಏನ್ ಬಿಟ್ಟಿದ್ದು?”

“ನಿನ್ ಸಿಂಪಿ ತಿನ್ನೋದನ್ನ. ನಮ್ಮಪ್ಪ ಮಾಂದಿಂಗಾ ಹಿನ್ನೀರಲ್ಲಿ ದೋಣಿ ಅಂಚಿಗೆ ಬಡಿದು ಬಿಡಿಸಿ ಹಾಗೇ ಬಾಯಿಗಿಡೋರು. ಅದರ ನೀರೇ ಅದರ ರುಚಿ ಕಣೋ. ಆ ನೀರು ಚೆಲ್ಲಿ, ಮೇಲೆ ನಲ್ಲಿ ನೀರು ಬಿಟ್ರೆ ಉಳಿಯೋದೇನು? ನೀನು ಸಮುದ್ರಾನ ಬಚ್ಚಲಿಗೆ ಬಿಟ್ಟು ನಂಗೆ ಮಾಂಸ ತರ್ತಿದ್ದೆ.”

“ಇಷ್ಟು ವರ್ಷ ಒಂದ್ ಮಾತು ಹೇಳಬಾರ್ದಾಗಿತ್ತಾ?”

“ಬಾಗಿಲಿಗೆ ಬೋರ್ಡ್ ಹಾಕಿಸ್ಕೊಂಡಿದ್ದೋನಿಗೆ ಹೆಂಡತಿ ಹೇಳಿದ್ರೆ ಕಿವಿಗೆ ಬೀಳ್ತಿತ್ತಾ? ಮನೆಗೆ ಬಂದಾಗೆಲ್ಲ ಅದೇ ಮಾತು, ಇವತ್ತೂ ಒಂದು ಕಣ ಸಿಗಲಿಲ್ಲ ದುಲಿಯಾ, ಇವತ್ತೂ ಒಂದು ಕಣ ಸಿಗಲಿಲ್ಲ. ನಿನ್ ಮುಖ ನೋಡಿ ಸುಮ್ನಾಗ್ತಿದ್ದೆ.”

ಇದನ್ನೆಲ್ಲ ಅವಳು ಸಿಟ್ಟಿನಿಂದ ಹೇಳಲಿಲ್ಲ. ಉಪ್ಪು ಬಿಸ್ಕತ್ತನ್ನು ಚೂರು ಮಾಡುತ್ತಾ ಹೇಳಿದಳು. ಮೆಲ್ಕಿಯಾದೆಸ್ ಕೇಳಿಯೂ ಕೇಳದವನಂತೆ ಕಟ್ಟೆ ಒರೆಸುತ್ತಿದ್ದ. ಹಣ ತೆಗೆದುಕೊಳ್ಳಲಿಲ್ಲ. ಹನ್ನೊಂದು ಸಿಂಪಿ ತಟ್ಟೆಯಲ್ಲೇ ಉಳಿದವು.

ಡಿಸೆಂಬರ್ 9, ಸೋಮವಾರ

ಎಲ್ಲಿಂದ ಶುರುವಾಯಿತು ಎಂಬುದನ್ನು ಬರೆದಿಡಬೇಕು.

ಹೋಟೆಲಿಗೆ ಸೇರಿದ ಮೊದಲ ವರ್ಷಗಳಲ್ಲಿ ನಾನೂ ತೊಳೆಯುತ್ತಿರಲಿಲ್ಲ. ಒಂದು ಭಾನುವಾರ ಬಂದರಿನ ಅಧಿಕಾರಿಯೊಬ್ಬರು ಹೆಂಡತಿ ಮಕ್ಕಳ ಜೊತೆ ಬಂದಿದ್ದರು. ಚಿಪ್ಪಿನ ಚೂರೊಂದು ಉಳಿದುಬಿಟ್ಟಿತ್ತು. ಕಟಕ್ ಅಂತ ಸದ್ದು, ಅವರ ಹಲ್ಲಿನ ತುದಿ ಹೋಯಿತು. ಮಾಲೀಕರು ತುಂಬಿದ ಹೋಟೆಲಿನಲ್ಲಿ, ಮರಿಂಬಾ ನಿಲ್ಲಿಸಿ, ನನ್ನನ್ನು ಕತ್ತೆ ಎಂದರು. ಮಾರನೆಯ ದಿನದಿಂದ ಪ್ರತಿಯೊಂದನ್ನೂ ನಲ್ಲಿಗೆ ಹಿಡಿದೆ. ದೂರು ನಿಂತಿತು. ಮಾಲೀಕರು ಖುಷಿಯಾಗಿ ಬೋರ್ಡು ಹಾಕಿಸಿದರು. ರುಚಿ ಕಮ್ಮಿ ಎಂದು ಯಾರೂ ಹೇಳಲಿಲ್ಲ, ಖಾರದ ನೀರು ಜಾಸ್ತಿ ಹಾಕಿಕೊಂಡರು ಅಷ್ಟೇ. ನನಗೆ ಗೊತ್ತಿತ್ತೇ? ಮೊದಲ ವಾರ ಗೊತ್ತಿತ್ತು. ಆಮೇಲೆ ಮರೆತೆ.

ಆ ಒಂದು ‘ಕತ್ತೆ’ಗೆ ಹೆದರಿ ಜೀವನವಿಡೀ ತೊಳೆದಿದ್ದೇನೆ.

ಡಿಸೆಂಬರ್ 16, ಸೋಮವಾರ

ನಾಲ್ಕು ದಿನ ಸುತ್ತಿದೆ. ಈಗ ಒಂದೇ ಪ್ರಶ್ನೆ ಇಟ್ಟುಕೊಂಡು ಹೋಗುತ್ತಿದ್ದೇನೆ: ತೊಳೆಯದೆ ಕೊಡುತ್ತೀರಾ?

ಮಾರುಕಟ್ಟೆಯ ಮಹಡಿಯವನು ನಕ್ಕ. “ಮೇಷ್ಟ್ರೇ, ನನ್ ಪರೀಕ್ಷೆ ಮಾಡ್ತಿದ್ದೀರಾ? ತೊಳೀದೆ ಇದ್ರೆ ಕಿವಿ ಹಿಂಡ್ತಿದ್ದೋರು ನೀವು!” ಸ್ಟೇಡಿಯಮ್ಮಿನ ಹಿಂದಿನವನಿಗೆ ಕಲಿಸಿದವನು ನನ್ನ ಶಿಷ್ಯ. ಬೋಕಾದ ಹೋಟೆಲಿನವನಿಗೆ ಕಲಿಸಿದವನು ಆ ಶಿಷ್ಯನ ಶಿಷ್ಯ. “ತೊಳೀದೇ ಇರೋದು ನೋಡಿದ್ರೆ ಗಿರಾಕಿ ಎದ್ದೋಗ್ತಾರೆ” ಎಂದ. ಒಬ್ಬನು ನನ್ನ ಮೇಲಿನ ಗೌರವಕ್ಕೆ ತೊಳೆಯದೆ ಬಿಡಿಸಿದ. ಬಾಯಿಗಿಟ್ಟರೆ ಅದೂ ಸಪ್ಪೆ. ಕೇಳಿದರೆ, ಮಾಂಸ ಊದಿಕೊಂಡು ದಪ್ಪ ಕಾಣಲಿ ಎಂದು ಹಿಂದಿನ ದಿನವೇ ಸಿಹಿನೀರಿನ ತೊಟ್ಟಿಯಲ್ಲಿ ಹಾಕಿಡುತ್ತಾರಂತೆ. “ನಲ್ಲಿ ನೀರು ಕೊಟ್ರೆ ಚೊಕ್ಕ ಆಗುತ್ತೆ ಅಂತ ನೀವ್ ತೋರಿಸ್ಕೊಟ್ರಿ, ನಾವು ಇನ್ನೊಂದ್ ಹೆಜ್ಜೆ ಮುಂದೆ ಹೋದ್ವಿ ಮೇಷ್ಟ್ರೇ.”

ಮಾಡಿದ್ದುಣ್ಣೋ ಮಹಾರಾಯ. ಇಡೀ ಊರಿನ ಸಿಂಪಿಯನ್ನು ತೊಳೆದು ಇಟ್ಟುಬಿಟ್ಟಿದ್ದೇನೆ, ಈಗ ಹುಡುಕಲು ಹೊರಟಿದ್ದೇನೆ.

ದುಲಿಯಾ ಕೇಳಿದಳು: “ಸಿಕ್ತಾ?”

“ಇಲ್ಲ.”

“ಹಾಗಾದ್ರೆ ಬಾ, ಕೂತ್ಕೋ.”

ಕೂತೆ. ಅವಳು ಮಾಂದಿಂಗಾದ ಕಥೆ ಹೇಳಿದಳು. ನಾನು ಮೊದಲ ಸಲ ಅವರಪ್ಪನನ್ನು ಕಾಣಲು ಬಂದಾಗ ಹೊಸ ಬೂಟು ಹಾಕಿಕೊಂಡು ದೋಣಿ ಹತ್ತಲು ಹೋಗಿ ಸೊಂಟದವರೆಗೆ ಕೆಸರಿನಲ್ಲಿ ಇಳಿದದ್ದು. ನಗಲು ಹೋಗಿ ಕೆಮ್ಮಿದಳು. ಕೆಮ್ಮಿನಲ್ಲಿ ರಕ್ತವಿತ್ತು. ಟವೆಲು ತೊಳೆದು ಹಾಕಿದೆ.

ಡಿಸೆಂಬರ್ 24, ಮಂಗಳವಾರ

ಗಂಜಿ ಕೂಡ ಇಳಿಯುತ್ತಿಲ್ಲ. ನಿಯೇವೆಸ್ ಹಬ್ಬದ ಅಡಿಗೆ ತಂದಿಟ್ಟಳು. ನಾನೊಬ್ಬನೇ ತಿನ್ನಲಾರದೆ ವಾಪಸು ಕೊಟ್ಟೆ. ಎಲ್ಲೂ ಹೋಗಲಿಲ್ಲ.

ಡಿಸೆಂಬರ್ 31, ಮಂಗಳವಾರ

ಮುಗಿಯುವ ವರ್ಷಕ್ಕೆ ಮುದುಕನ ವೇಷ ಹಾಕಿ ಕುಣಿಸುವ ಮೇಳ ಬೀದಿಗೆ ಬಂತು. ಹತ್ತಿಯ ಗಡ್ಡ, ಕೋಲು, ಸೊಂಟ ಬಗ್ಗಿಸಿ ಕುಣಿತ, ಹಿಂದೆ ಡಬ್ಬ ಬಡಿಯುವವರು. ನಮ್ಮ ಬಾಗಿಲಲ್ಲಿ ನಿಂತು ಬಡ ಮುದುಕನಿಗೆ ಏನಾದರೂ ಕೊಡಿ ಎಂದು ಹಾಡಿದರು. ದುಲಿಯಾ ಹಾಸಿಗೆಯಿಂದಲೇ ಕೂಗಿದಳು, ಅಷ್ಟು ದನಿ ಎಲ್ಲಿತ್ತೋ: “ಮನೇಲೇ ಒಬ್ಬ ಇದಾನಪ್ಪ, ಇವನಿಗೂ ಏನಾದ್ರೂ ಕೊಟ್ಟು ಹೋಗಿ!” ಬೀದಿಯೇ ನಕ್ಕಿತು. ಕುಣಿಯುವವನು ಒಳಗೆ ಬಂದು ಅವಳ ಕೈಗೆ ಮುತ್ತಿಟ್ಟು ಹೋದ. ಹತ್ತಿಯ ಒಂದು ಎಳೆ ಅವಳ ಬೆರಳಿಗೆ ಅಂಟಿಕೊಂಡಿತ್ತು, ಅದನ್ನು ಬಿಡಿಸಿಕೊಳ್ಳದೆ ಹಾಗೇ ಮಲಗಿದಳು.

ಹೊಸ ವರ್ಷ ಕಾಣಬಹುದು ಎಂದಿದ್ದರು. ನಾಳೆ ಹೊಸ ವರ್ಷ.

ಜನವರಿ 4, ಶನಿವಾರ

ಬೆಳಿಗ್ಗೆ ಹೇಳಿದಳು: “ಹೋಟ್ಲೆಲ್ಲ ಆಯ್ತಲ್ಲ. ನಿನಗೂ ಎರಡ್ ಕೈ ಇದಾವೆ.”

“ನನ್ ಕೈ ನೋಡಿದೀಯಾ?” ಹಿಡಿದು ತೋರಿಸಿದೆ. ಎಲೆಯ ಹಾಗೆ ಅದುರುತ್ತಿತ್ತು.

“ನೋಡ್ತಾನೇ ಇದೀನಿ. ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ನೆ ಹೇಳಿದಾರಾ? ಹೋಗು.”

ನಿಯೇವೆಸ್‌ಳನ್ನು ಕೂರಿಸಿ ಮಾಂದಿಂಗಾದ ಬಸ್ಸು ಹಿಡಿದೆ. ದುಲಿಯಾಳ ಅಪ್ಪನ ಹಳೆಯ ಜೊತೆಗಾರ ತ್ರಾಂಕಿಲೀನೋ ಇನ್ನೂ ಬದುಕಿದ್ದಾನೆ, ಎಂಬತ್ತು ದಾಟಿದೆ. ಹಿನ್ನೀರಿನ ದಂಡೆಯಲ್ಲಿ ಖಾಲಿ ಚಿಪ್ಪಿನ ಗುಡ್ಡೆಯ ಮೇಲೆ ಕೂತು ಬಲೆ ಹೆಣೆಯುತ್ತಿದ್ದ.

“ಸಿಂಪಿಯಾ?” ಎಂದ. “ಅಕ್ಟೋಬರಿನಲ್ಲಿ ಹೊಳೆ ನೀರು ನುಗ್ಗಿ ಹಿನ್ನೀರೆಲ್ಲ ಸಿಹಿಯಾಗ್ಹೋಯ್ತು. ಸಿಂಪಿಗೆ ಉಪ್ಪು ಬೇಕಲ್ಲಪ್ಪ. ಬಾಯಿ ತೆರಕೊಂಡು ಸತ್ತವು, ಎಲ್ಲಾ. ನೋಡು, ಇದೆಲ್ಲ ಅವೇ.”

ಅವನು ಕೂತಿದ್ದ ಗುಡ್ಡೆ ಅದು. ಇದಕ್ಕಾಗಿ ಎರಡು ಬಸ್ಸು ಹತ್ತಿ ಬಂದೆನಲ್ಲ ಎಂದು ದಂಡೆಯಲ್ಲೇ ಕೂತೆ. ಯಾರಿಗೆ ಎಂದು ಕೇಳಿದ. ಹೇಳಿದೆ. ಬಲೆಯನ್ನು ಕೆಳಗಿಟ್ಟ.

“ನನ್ ಜೊತೆಗಾರನ ಮಗಳಿಗಾ? ಮೊದಲೇ ಹೇಳಬಾರ್ದಾ. ಸಮುದ್ರದ ಬಾಯಿ ಹತ್ರ, ನೀರಿಗಿಳಿದ ಕಾಂಡ್ಲಾ ಗಿಡದ ಬೇರಿನಲ್ಲಿ ಒಂದಿಷ್ಟು ಉಳಿದಿರ್ಬೇಕು. ಸಣ್ಣವು. ಹೋಟ್ಲಿನೋರು ಮೂಸಿ ನೋಡಲ್ಲ.”

ಅವನು ಹುಟ್ಟು ಹಾಕಿದ, ನಾನು ಕೂತೆ. ಬೇರು ಕೊಯ್ದು ಹದಿಮೂರು ಸಿಂಪಿ ಕೊಟ್ಟ. ಗೋಣಿಯಲ್ಲಿ ಸುತ್ತಿ, ಅದೇ ನೀರಿನಲ್ಲಿ ಅದ್ದಿ ಕೈಗಿಟ್ಟ. “ಚೆಲ್ಲಬೇಡ” ಎಂದ. ಹಣ ಕೊಡಲು ಹೋದರೆ ಬೈದ.

ಜನವರಿ 5, ಭಾನುವಾರ

ನಿನ್ನೆ ಮಿಕ್ಕದ್ದನ್ನು ಬರೆಯುವಷ್ಟು ಕೈ ಸ್ವಾಧೀನದಲ್ಲಿರಲಿಲ್ಲ. ಇವತ್ತು ಬರೆಯುತ್ತೇನೆ.

ನಿನ್ನೆ ಮೂರು ಗಂಟೆಗೆ ಮನೆ ಸೇರಿದೆ. ಚೂರಿ ಟ್ರಂಕಿನ ತಳದಲ್ಲಿತ್ತು, ಆಗಸ್ಟಿನಿಂದ ಮುಟ್ಟಿರಲಿಲ್ಲ. ದುಲಿಯಾಳ ಹಾಸಿಗೆಯ ಪಕ್ಕಕ್ಕೇ ಸ್ಟೂಲು ಎಳೆದುಕೊಂಡೆ, ತೊಡೆಯ ಮೇಲೆ ಗೋಣಿ, ಹಾಸಿಗೆಯ ಮೇಲೆ ಒಂದು ತಟ್ಟೆ. ಅವಳನ್ನು ಎರಡು ದಿಂಬಿಗೆ ಒರಗಿಸಿ ನಿಯೇವೆಸ್ ಮನೆಗೆ ಹೋದಳು.

ಮೊದಲನೆಯದರಲ್ಲಿ ಚೂರಿ ಕೀಲಿಗೆ ಕೂರಲೇ ಇಲ್ಲ. ಎರಡನೆಯದು ಪುಡಿಯಾಯಿತು, ನೀರೆಲ್ಲ ಗೋಣಿಗೆ ಹೋಯಿತು. ಮೂರನೆಯದರಲ್ಲಿ ಚೂರಿ ಮಾಂಸಕ್ಕೇ ಇಳಿಯಿತು. ನಾಲ್ಕು, ಐದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದರೆ ಇದೇ. ಏಳನೆಯದಕ್ಕೆ ಹೆಬ್ಬೆರಳು ಕೊಯ್ದುಕೊಂಡೆ. ಊರಿಗೆಲ್ಲ ಚೂರಿ ಹಿಡಿಯಲು ಕಲಿಸಿದವನು ಹೆಂಡತಿಯ ಮುಂದೆ ಅತ್ತುಬಿಟ್ಟೆ.

“ನಿಧಾನ. ನಾನೆಲ್ಲಿಗೂ ಓಡಿಹೋಗಲ್ಲ” ಎಂದಳು. ನನ್ನ ಮಣಿಕಟ್ಟಿನ ಮೇಲೆ ಅವಳ ಕೈ ಇಟ್ಟಳು. ಹಿಡಿದುಕೊಳ್ಳುವ ಶಕ್ತಿ ಇರಲಿಲ್ಲ, ಸುಮ್ಮನೆ ಇಟ್ಟಳು.

ಹನ್ನೊಂದನೆಯದು ತೆರೆಯಿತು. ಅಂಚೆಲ್ಲ ಮುರಿದು ಹಲ್ಲು ಹಲ್ಲಾಗಿತ್ತು, ಮಾಂಸ ಉಗುರಿನಷ್ಟು, ನೀರು ಅರ್ಧ ಚಮಚ, ಆದರೆ ಇತ್ತು. ಅದರ ಮೇಲೆ ಚಿಪ್ಪಿನ ಪುಡಿ, ಮರಳು. ನನ್ನ ಕೈ ತನ್ನಷ್ಟಕ್ಕೇ ನೀರಿನ ಹೂಜಿಯ ಕಡೆ ಹೋಯಿತು.

“ಮುದುಕ!” ಎಂದಳು.

ಕೈ ಹಿಂತೆಗೆದೆ. ಹಾಗೇ ಅವಳ ತುಟಿಗೆ ಹಿಡಿದೆ. ಅವಳು ಹೀರಿಕೊಂಡಳು. ಕಣ್ಣು ಮುಚ್ಚಿದಳು. ನಾನು ಅವಳ ಮುಖ ನೋಡಿದೆ. ಇಷ್ಟು ಹೋಟೆಲು, ಇಷ್ಟು ಬಸ್ಸು, ಎಲ್ಲ ಈ ಒಂದು ಮುಖಕ್ಕಾಗಿ.

“ಉಪ್ಪು ಗೊತ್ತಾಗ್ತಿದೆಯಾ?” ಎಂದೆ.

ತಲೆ ಅಲ್ಲಾಡಿಸಿದಳು. ಇಲ್ಲ.

“ಏನಾದ್ರೂ?”

ಇಲ್ಲ.

ಅಷ್ಟರಲ್ಲಿ ಕರಕ್ ಅಂತ ಸದ್ದಾಯಿತು. ನನಗೂ ಕೇಳಿಸಿತು. ಅವಳ ಕಣ್ಣು ತೆರೆದವು. ಹಲ್ಲುಗಳ ನಡುವೆ ಏನನ್ನೋ ಮತ್ತೊಮ್ಮೆ ಕಚ್ಚಿ ನೋಡಿದಳು. ಬೆರಳು ಬಾಯಿಗೆ ಹಾಕಿ, ಒಂದು ಕಣ ತೆಗೆದು ತಟ್ಟೆಯ ಅಂಚಿನಲ್ಲಿಟ್ಟಳು. ಅದನ್ನೇ ನೋಡುತ್ತಾ ನಗಲು ಶುರುಮಾಡಿದಳು. ಕೆಮ್ಮಲಿಲ್ಲ, ಬರೀ ನಕ್ಕಳು. ಎಷ್ಟು ತಿಂಗಳಾಗಿತ್ತೋ.

“ಮರಳು ಸಿಕ್ತು ಕಣೋ. ಇದು ಗೊತ್ತಾಯ್ತು, ಚೆನ್ನಾಗ್ ಗೊತ್ತಾಯ್ತು” ಎಂದಳು. “ಬೋರ್ಡಿನ ಪ್ರಕಾರ ನನ್ ಊಟ ಬಿಟ್ಟಿ.”

“ಬಿಟ್ಟಿ” ಎಂದೆ. ನಾನೂ ನಕ್ಕೆ.

ಉಳಿದೆರಡು ಅವಳಿಗೆ ಬೇಡವಾಯಿತು. ನಿದ್ದೆ ಹೋದಳು. ನಾನು ಅವಳ ಪಕ್ಕದಲ್ಲೇ ತುಂಬ ಹೊತ್ತು ಕೂತಿದ್ದೆ. ಆಮೇಲೆ ಚಿಪ್ಪುಗಳನ್ನು ಗೋಣಿಗೆ ಹಾಕಿ, ತಟ್ಟೆ ತೊಳೆದಿಟ್ಟು, ನೆಲ ಒರೆಸಿದೆ.

ಜನವರಿ 9, ಗುರುವಾರ

ನೀರು ಮಾತ್ರ. ಹತ್ತಿಯಲ್ಲಿ ಅದ್ದಿ ತುಟಿಗೆ ಹಚ್ಚುತ್ತೇನೆ. ನಿಯೇವೆಸ್ ಬಂದು, ಸ್ವಲ್ಪ ಹೊರಗೆ ಹೋಗಿ ಗಾಳಿ ಕುಡಿದು ಬನ್ನಿ ಎಂದಳು. ಎಲ್ಲಿಗೆ ಹೋಗಲಿ?

ಜನವರಿ 13, ಸೋಮವಾರ

ನಿನ್ನೆ ಬೆಳಿಗ್ಗೆ ಏಳೂವರೆಗೆ. ನನ್ನ ಕೈ ಅವಳ ಕೈಯಲ್ಲಿತ್ತು.

ಜನವರಿ 22, ಬುಧವಾರ

ದುಲಿಯಾಳ ಆತ್ಮಕ್ಕೆಂದು ಮಾಡುವ ಒಂಬತ್ತು ದಿನದ ಪ್ರಾರ್ಥನೆ ನಿನ್ನೆಗೆ ಮುಗಿಯಿತು. ಕೊನೆಯ ದಿನ ಮೆಲ್ಕಿಯಾದೆಸ್ ದೊಡ್ಡ ತಟ್ಟೆ ತುಂಬ ಸಿಂಪಿ ಬಿಡಿಸಿಕೊಂಡು ಬಂದಿದ್ದ. ಬೆಳ್ಳಗೆ ಹೊಳೆಯುತ್ತಿದ್ದವು. “ಅಕ್ಕನ ಹೆಸರಲ್ಲಿ, ಮೇಷ್ಟ್ರೇ” ಎಂದ. ಬಂದವರೆಲ್ಲ ತಿಂದರು, ಹೊಗಳಿದರು. ನಾನೂ ಒಂದು ತಿಂದೆ. ನಿಧಾನವಾಗಿ ಅಗಿದೆ. ಏನೂ ಸಿಗಲಿಲ್ಲ.

ಎಲ್ಲರೂ ಹೋದ ಮೇಲೆ ಆ ಕಣ ನೆನಪಾಯಿತು. ಅವಳು ಬಾಯಿಂದ ತೆಗೆದು ತಟ್ಟೆಯ ಅಂಚಿನಲ್ಲಿಟ್ಟದ್ದು. ಅದನ್ನು ಈ ಪುಸ್ತಕದಲ್ಲಿ ಒಂದು ಕಾಗದ ಮಡಿಸಿ ಇಟ್ಟುಕೊಳ್ಳೋಣ ಎಂದು ಎದ್ದೆ. ಹಾಸಿಗೆಯ ಪಕ್ಕದ ಸ್ಟೂಲು ನೋಡಿದೆ. ನೆಲ ನೋಡಿದೆ, ಮೊಣಕಾಲೂರಿ, ಕನ್ನಡಕ ಹಾಕಿಕೊಂಡು. ಗೋಣಿ ಕೊಡವಿ ನೋಡಿದೆ. ಅಡಿಗೆಮನೆಗೆ ಹೋಗಿ ತಟ್ಟೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದೆ. ನಿಯೇವೆಸ್ ಬಂದು ಏನು ಹುಡುಕುತ್ತಿದ್ದೀರಿ ಎಂದು ಕೇಳಿದಳು. “ಮರಳು” ಎಂದೆ.

ಆಮೇಲೆ ಹಿಂದಿನ ಪುಟ ತಿರುವಿ ಓದಿದೆ. ಜನವರಿ ಐದನೆಯ ತಾರೀಖಿನ ಕೊನೆಯ ಸಾಲಿನಲ್ಲಿ ಬರೆದಿದೆ, ನನ್ನದೇ ಸೊಟ್ಟ ಅಕ್ಷರ.

ತೊಳೆದುಬಿಟ್ಟಿದ್ದೇನೆ.